ತೊರಕೆ ಮೀನಿನ ಸಹಿ

ನಮ್ಮ ಬೀದಿಯಲ್ಲಿ ಯಾರಿಗೂ ತಮ್ಮ ಸಹಿ ತಾವೇ ಹಾಕಿ ಅಭ್ಯಾಸವಿಲ್ಲ. ಹಾಗೆಂದು ಓದು ಬರಹ ಬಾರದ ಜನ ಎಂದು ತಿಳಿಯಬೇಡಿ. ನಿವೃತ್ತ ಹೆಡ್‌ಮಾಸ್ತರರಿದ್ದಾರೆ, ಹಲ್ಲಿನ ಡಾಕ್ಟರಿದ್ದಾರೆ, ಭಾನುವಾರ ಎರಡು ಗಂಟೆ ಬಿಡದೆ ಮಾತಾಡುವ ಪಾದ್ರಿಯೂ ಇದ್ದಾರೆ. ಆದರೆ ಅಪ್‌ಬಾದಾ ಮಾರ್ಟ್ ಎಂಬ ದಿನಸಿ ಅಂಗಡಿಯ ಗಲ್ಲಾದಲ್ಲಿ ಸೂನ್‌ದೊಕ್ ಕೂತಿರುವಾಗ ಸಹಿ ಹಾಕುವ ಕಷ್ಟ ಅವರಿಗೆ ಯಾಕೆ?

ಮೊಕ್ಪೊ ಬಂದರಿನಿಂದ ಗುಡ್ಡದ ಕಡೆಗೆ ಹತ್ತುವ ಬೀದಿ ನಮ್ಮದು. ಮಾರ್ಟಿನ ಎಡಗೋಡೆಗೆ ಅಂಟಿಕೊಂಡಿರುವುದು ನನ್ನ ಲಾಂಡ್ರಿ. ಗೋಡೆ ಎಷ್ಟು ತೆಳುವೆಂದರೆ, ಅಲ್ಲಿ ಸಾಮಾನಿನ ಮೇಲೆ ಬೆಳಕು ಹಾಯಿಸುವ ಯಂತ್ರ 'ಪೀಂ' ಎಂದದ್ದು ನನ್ನ ಇಸ್ತ್ರಿ ಮೇಜಿಗೆ ಕೇಳುತ್ತದೆ. ಎಷ್ಟು ಸಲ ಪೀಂ ಎಂದಿತು ಎನ್ನುವುದರ ಮೇಲೆ ಯಾರ ಮನೆಗೆ ನೆಂಟರು ಬಂದಿದ್ದಾರೆ ಎಂದು ನಾನು ಹೇಳಬಲ್ಲೆ. ಇದನ್ನು ಕೆಲವರು ಕೆಟ್ಟ ಕುತೂಹಲ ಎನ್ನುತ್ತಾರೆ, ಎನ್ನಲಿ.

ಮಾರ್ಟಿನಲ್ಲಿ ಐವತ್ತು ಸಾವಿರ ವಾನ್, ಅಂದರೆ ಒಂದು ಅಕ್ಕಿ ಮೂಟೆಯ ಬೆಲೆ, ದಾಟಿದರೆ ಕಾರ್ಡ್ ಮೆಷಿನ್ ಸಹಿ ಕೇಳುತ್ತದೆ. ಗಲ್ಲಾದ ಮುಂದೆ ಅಂಗೈಯಗಲದ ಒಂದು ಹಲಗೆ, ಅದಕ್ಕೆ ದಾರದಲ್ಲಿ ಕಟ್ಟಿದ ಒಂದು ಕಡ್ಡಿ. ಕಾರ್ಡ್ ಇಟ್ಟುಕೊಂಡವನೇ ನಿಜವಾದ ಒಡೆಯನೋ ಅಥವಾ ಯಾರೋ ಕದ್ದು ತಂದದ್ದೋ ಎಂದು ತಿಳಿಯಲು ಕಾರ್ಡ್ ಕಂಪನಿಯವರು ಮಾಡಿದ ಏರ್ಪಾಡು ಅದು. ಆದರೆ ನಮ್ಮವರಿಗೆ ಕೈ ಬಿಡುವಿದ್ದರೆ ತಾನೆ! ಒಬ್ಬರ ಕೈಗೆ ಮೀನಿನ ಲೋಳೆ, ಇನ್ನೊಬ್ಬರ ಕೈಗೆ ಹಿಟ್ಟು, ಮತ್ತೊಬ್ಬರ ಬೆನ್ನ ಮೇಲೆ ಮೊಮ್ಮಗು. 'ನೀನೇ ಹಾಕಿಬಿಡಕ್ಕ' ಎಂದು ಚೀಲ ಎತ್ತಿಕೊಂಡು ಹೊರಟೇಬಿಡುತ್ತಾರೆ. ಬೇರೆ ಅಂಗಡಿಗಳಲ್ಲಿ ಗಲ್ಲಾದವರು ಇಂಥ ಹೊತ್ತಿನಲ್ಲಿ ಒಂದು ಅಡ್ಡಗೆರೆ ಎಳೆದು ಕೈ ತೊಳೆದುಕೊಳ್ಳುತ್ತಾರೆ. ಸೂನ್‌ದೊಕಳಿಗೆ ಅದು ಆಗದು.

"ಜೀವ ಇರೋ ಮನುಷ್ಯನ ಹೆಸರಲ್ಲಿ ಬರೀ ಗೆರೆ ಎಳೀತಾರೇನೇ? ಆಸ್ಪತ್ರೇಲಿ ಉಸಿರು ನಿಂತೋರಿಗೆ ಬರೋದು ಆ ಗೆರೆ" ಎಂದು ನನ್ನನ್ನೇ ಗದರಿಸಿದ್ದಳು.

ಹಾಗಾಗಿ ಅವಳು ಚಿತ್ರ ಬರೆಯುತ್ತಾಳೆ. ಉಪ್ಪಿನ ಗದ್ದೆಗಳ ಒಂದು ದ್ವೀಪದಲ್ಲಿ ಹುಟ್ಟಿದವಳು ಅವಳು. ಅಪ್ಪ ದೋಣಿಗಳಿಗೆ ಹೆಸರು ಬರೆಯುತ್ತಿದ್ದ, ಇವಳು ಬಣ್ಣದ ಡಬ್ಬ ಹಿಡಿದು ನಿಲ್ಲುತ್ತಿದ್ದಳು. ಕೈ ಅಲ್ಲೇ ಪಳಗಿತು. ಈಗ ಅರವತ್ತು ದಾಟಿದೆ. ಗುಂಗುರು ಮಾಡಿಸಿದ ಕೂದಲು, ಮಾರ್ಟಿನ ಕೆಂಪು ತೋಳಿಲ್ಲದ ಅಂಗಿ, ಅದರ ಕೆಳಗೆ ಹೂಹೂವಿನ ತೋಳುಗವಸು. ಹಲ್ಲಿನ ಡಾಕ್ಟರಿಗೆ ಒಂದು ದವಡೆ, ಹೆಡ್‌ಮಾಸ್ತರರಿಗೆ ಮೂಗಿನ ತುದಿಗೆ ಜಾರಿದ ಕನ್ನಡಕ, ಪಾದ್ರಿಗೆ ತೆರೆದ ಬಾಯಿ. ಎರಡು ಕ್ಷಣದಲ್ಲಿ ಮುಗಿಯುತ್ತದೆ. ನನಗೇನು ಬರೆಯುತ್ತಾಳೆ ಎಂದು ಒಂದು ದಿನ ಹಟ ಹಿಡಿದು ಹಲಗೆಯನ್ನು ಇಣುಕಿ ನೋಡಿದೆ. ಇಸ್ತ್ರಿ ಪೆಟ್ಟಿಗೆ, ಅದರಡಿಯಿಂದ ಹೊಗೆ. ನನ್ನ ಇಡೀ ಜನ್ಮದಲ್ಲಿ ನಾನು ಸುಟ್ಟದ್ದು ಒಂದೇ ಒಂದು ಪ್ಯಾಂಟು, ಅದನ್ನೂ ಅವಳು ಬಿಟ್ಟಿಲ್ಲ. ಒಂದು ವಾರ ಮಾತು ಬಿಟ್ಟಿದ್ದೆ.

ಇಂಥವಳ ಕೈಯಲ್ಲಿ ಕಾರ್ಡುಗಳು ಭದ್ರವೇ ಎಂದು ನೀವು ಕೇಳಬಹುದು. ಒಂದು ಸಂಗತಿ ಹೇಳುತ್ತೇನೆ. ಒಮ್ಮೆ ಯಾರೋ ಹೊರಗಿನವನು ಎರಡು ದೊಡ್ಡ ಕಟ್ಟು ಸಿಗರೇಟು ತಂದಿಟ್ಟು ಕಾರ್ಡ್ ಚಾಚಿದ. ಅದರ ಮೇಲಿದ್ದದ್ದು ಅಕ್ಕಿ ಗಿರಣಿಯ ಅಜ್ಜಿಯ ಹೆಸರು. ಸೂನ್‌ದೊಕ್ ನಗುನಗುತ್ತಲೇ, ಅಜ್ಜಿ ನಿಮಗೆ ಏನಾಗಬೇಕು ಎಂದಳು. ಅತ್ತೆ ಎಂದ. ಹಾಗಾದರೆ ಅತ್ತೆಗೆ ಯಾವ ಕಿವಿ ಕೇಳಿಸುವುದಿಲ್ಲ ಎಂದಳು. ಅವನು ಕಾರ್ಡನ್ನೂ ಸಿಗರೇಟನ್ನೂ ಬಿಟ್ಟು ಓಟ ಕಿತ್ತ. ಮೆಷಿನ್ನು ಇಂಥ ಪ್ರಶ್ನೆ ಕೇಳುತ್ತದೆಯೇ? ಕದ್ದ ಕಾರ್ಡ್ ಅವಳ ಗಲ್ಲಾ ದಾಟಿ ಹೋಗುವುದಿಲ್ಲ ಎನ್ನುವುದು ಬೀದಿಗೆಲ್ಲ ಗೊತ್ತಿದ್ದ ಮಾತು.

ಅವಳಲ್ಲಿ ನನಗೆ ಕೋಪ ಬರಿಸುವ ಗುಣ ಇನ್ನೊಂದಿತ್ತು. ಯಾರು ಏನು ಕೊಂಡರು ಎಂದು ಸತ್ತರೂ ಬಾಯಿ ಬಿಡಳು. ಪಕ್ಕದಲ್ಲೇ ಇದ್ದೇನೆ, ಮಧ್ಯಾಹ್ನ ಅವಳ ಜೊತೆಯಲ್ಲೇ ಊಟ ಮಾಡುತ್ತೇನೆ, ಒಂದು ಸಣ್ಣ ಸುದ್ದಿ ಉದುರಿಸಿದರೆ ಇವಳ ಗಂಟೇನು ಹೋಗುತ್ತದೆ? ಒಮ್ಮೆ ಜಗಳ ತೆಗೆದಾಗ ಕಾರಣ ಹೇಳಿದಳು. ಅವಳು ಸಣ್ಣವಳಿದ್ದಾಗ ಅಮ್ಮ ದ್ವೀಪದ ಒಂದೇ ಅಂಗಡಿಯಲ್ಲಿ ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿ ಕೊಂಡಳಂತೆ. ಅಪ್ಪ ಆಗ ಬೇರೆ ದ್ವೀಪಕ್ಕೆ ದೋಣಿ ಕೆಲಸಕ್ಕೆ ಹೋಗಿದ್ದ. ಅಂಗಡಿಯವನು ಬಂದವರಿಗೆಲ್ಲ ಹೇಳಿದ. ಗಂಡ ಊರಲ್ಲಿಲ್ಲದಾಗ ಯಾರಿಗೆ ತೋರಿಸಲು ಈ ಮುಖ ಎಂದು ಬಾವಿಕಟ್ಟೆಯಲ್ಲಿ ನಗಾಡಿದರು. ಅಮ್ಮ ಡಬ್ಬಿಯನ್ನು ಮುಚ್ಚಳವೂ ತೆರೆಯದೆ ಉಪ್ಪಿನ ಗದ್ದೆಯಲ್ಲಿ ಹೂತಳು, ಮತ್ತೆ ಯಾವ ಹಬ್ಬಕ್ಕೂ ಮುಖಕ್ಕೆ ಏನೂ ಹಚ್ಚಲಿಲ್ಲ. ಇದನ್ನು ಹೇಳುವಾಗ ಸೂನ್‌ದೊಕ್ ಅಳಲಿಲ್ಲ, ನಾನೇ ಅತ್ತೆ. ಆಮೇಲೆ ಅವಳನ್ನು ಕೆದಕುವುದನ್ನು ಕಡಿಮೆ ಮಾಡಿದೆ, ಪೂರ್ತಿ ಬಿಡಲಾಗಲಿಲ್ಲ.

ಇನ್ನು ಜೊಂಗ್‌ಪಾಲ್ ಅಣ್ಣನ ವಿಷಯಕ್ಕೆ ಬರೋಣ. ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದ ಮನುಷ್ಯ. ಮೈ ದೊಡ್ಡದು, ದನಿ ದೊಡ್ಡದು, ಮನೆಯಲ್ಲಿ ಮಾತ್ರ ಎರಡೂ ಸಣ್ಣವು. ಹೆಂಡತಿ ಯಾಂಗ್‌ಸಿಮ್ ಬೀದಿಯ ತಿರುವಿನಲ್ಲಿ ಕಿಂಬಾಪ್ ಅಂಗಡಿ ನಡೆಸುತ್ತಾಳೆ. ಕಡಲಪಾಚಿಯ ಹಾಳೆಯಲ್ಲಿ ಅನ್ನ ಸುತ್ತುತ್ತಾ ಗಿರಾಕಿಯನ್ನೂ, ಗ್ಯಾಸಿನವನನ್ನೂ, ಗಂಡನನ್ನೂ ಒಟ್ಟಿಗೆ ಬೈಯಬಲ್ಲಳು. ಅಣ್ಣನ ಕಾಲಿನ ಹೆಬ್ಬೆರಳು ಊದಿ ನೆಲಕ್ಕೆ ಕಾಲಿಡಲಾಗದೆ ಆಸ್ಪತ್ರೆ ಸೇರಿದ ಮೇಲೆ ಡಾಕ್ಟರು ಹೆಂಡ ಮುಟ್ಟಬೇಡ, ಹುಳಿ ಬರಿಸಿದ ತೊರಕೆ ಮೀನು ಮುಟ್ಟಬೇಡ ಎಂದಿದ್ದರು. ಡಾಕ್ಟರು ಒಂದು ಸಲ ಹೇಳಿದ್ದನ್ನು ಯಾಂಗ್‌ಸಿಮ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಅಂಗಡಿಗೆ ಅಕ್ಕಿ, ಎಣ್ಣೆ ತರಲು ಅವನಿಗೊಂದು ಕಾರ್ಡ್ ಕೊಟ್ಟಿದ್ದಳು. ಮೇಲಿನ ಹೆಸರು ಗಂಡನದು, ಬಿಲ್ಲು ಹೆಂಡತಿಗೆ. ಕಾರ್ಡ್ ಉಜ್ಜಿದ ಮರುಗಳಿಗೆ ಎಲ್ಲಿ, ಎಷ್ಟು ಎಂಬ ಸಂದೇಶ ಹೋಗುವುದೂ ಹೆಂಡತಿಯ ಫೋನಿಗೆ. ಅಣ್ಣ ಮಾರ್ಟಿಗೆ ಬಂದಾಗಲೆಲ್ಲ ಅಕ್ಕಿ ಮೂಟೆಯನ್ನು ಗಾಡಿಯಲ್ಲಿಟ್ಟು, ಮೀನಿನ ಕಟ್ಟೆಯ ಮುಂದೆ ಹೋಗಿ ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದ. ಬೀಸಣಿಗೆಯ ಹಾಗೆ ಅಗಲವಾಗಿ ಮಲಗಿರುವ ತೊರಕೆಯನ್ನು ನೋಡುವುದು, ಮೂಗೆಳೆದುಕೊಳ್ಳುವುದು, ಬರುವುದು. ಕೊಳ್ಳುತ್ತಿರಲಿಲ್ಲ. ಅವನ ಸಹಿಗೆ ಸೂನ್‌ದೊಕ್ ಬರೆಯುತ್ತಿದ್ದದ್ದು ತೊರಕೆಯನ್ನೇ, ಬಾಲ ಎಡಕ್ಕೆ ಬಾಗಿದ್ದು.

ಹೀಗಿರುವಾಗ ವಸಂತದ ಒಂದು ಮಧ್ಯಾಹ್ನ ಹಡಗಿನ ಹಳೆಯ ಗೆಳೆಯರು ಅಣ್ಣನನ್ನು ನೋಡಲು ದೂರದಿಂದ ಬಂದರು. ನಮ್ಮಲ್ಲಿ ಗಂಡಸರು ನಾಲ್ಕು ಜನ ಸೇರಿದರೆ ಹಣ ಯಾರು ಕೊಡಬೇಕು ಎಂದು ಜಗಳ. ಕೊಡಲಾರದೆ ಅಲ್ಲ, ನಾನೇ ಕೊಡುತ್ತೇನೆ ಎಂದು. ಅಂಗಿ ಹರಿದುಕೊಂಡವರನ್ನು ನೋಡಿದ್ದೇನೆ, ಆ ಅಂಗಿ ಹೊಲಿಸಲು ಬಂದದ್ದೂ ನನ್ನ ಹತ್ತಿರವೇ. ಅವತ್ತು ಇವರೆಲ್ಲ ಬೇರೆ ಗಿರಾಕಿಗಳೂ ಯಜಮಾನನೂ ಇಲ್ಲದ ಹೊತ್ತಿನಲ್ಲಿ ಮಾರ್ಟಿಗೆ ಬಂದು ಒಂದು ಇಡೀ ತೊರಕೆ, ಅದಕ್ಕೆ ಬೇಯಿಸಿದ ಹಂದಿಮಾಂಸ, ಎಲೆಕೋಸಿನ ಹಳೆಯ ಕಿಮ್ಚಿ, ಒಂದು ಗೋಣಿ ತುಂಬುವಷ್ಟು ಅಕ್ಕಿಯ ಹೆಂಡದ ಸೀಸೆಗಳನ್ನು ಗಲ್ಲಾದಲ್ಲಿಟ್ಟು ಹಣಕ್ಕಾಗಿ ಕಿತ್ತಾಡಿದರು. ಎಲ್ಲರನ್ನೂ ಮೊಣಕೈಯಲ್ಲಿ ತಳ್ಳಿ ಗೆದ್ದವನು ಜೊಂಗ್‌ಪಾಲ್ ಅಣ್ಣ. ಗೆದ್ದ ಅಮಲಿನಲ್ಲಿ ಚಾಚಿದ್ದು ಅದೇ ಕಾರ್ಡನ್ನು.

ಸೂನ್‌ದೊಕ್ ಹುಬ್ಬೇರಿಸಿ, ಇದೇ ಕಾರ್ಡಾ ಅಣ್ಣ ಎಂದು ಮೆಲ್ಲಗೆ ಕೇಳಿದಳಂತೆ. ಗೆಳೆಯರ ಮುಂದೆ ಹಿಂದೆ ಸರಿದರೆ ಮೀಸೆ ಏನಾಗಬೇಕು? ಇದೇ ಎಂದ. ಅವಳು ತೊರಕೆ ಬರೆದು ಮುಗಿಸಿದಳು.

ಇದೂ ಮುಂದಿನದೂ ಅಣ್ಣನ ಬಾಯಿಂದಲೇ ನನಗೆ ಆಮೇಲೆ ತಿಳಿದದ್ದು. ಬಂದರಿನ ಕಲ್ಲುಕಟ್ಟೆಯ ಮೇಲೆ ಕೂತು ಮೊದಲ ತುಂಡು ಬಾಯಿಗಿಡುವಷ್ಟರಲ್ಲಿ ಫೋನು. ಮಾರ್ಟಿನಲ್ಲಿ ಒಂದು ಲಕ್ಷ ವಾನಿನ ಹತ್ತಿರ ಹೋಗಿದೆ, ಏನು ಕೊಂಡೆ ಎಂದು ಯಾಂಗ್‌ಸಿಮ್. ಬಾಯಲ್ಲಿ ಮೀನು, ಎದುರಲ್ಲಿ ಗೆಳೆಯರು. ಅಣ್ಣ, ನಾನು ಕೊಂಡಿಲ್ಲ ಎಂದುಬಿಟ್ಟ. ಹಾಗಾದರೆ ಕಾರ್ಡ್ ಎಲ್ಲಿ ಎಂದಳು. ಜೇಬು ತಡಕಿದ ಹಾಗೆ ನಟಿಸಿ, ಅಯ್ಯೋ ಇಲ್ಲ ಕಣೇ, ಯಾರೋ ಹೊಡೆದಿದ್ದಾರೆ ಎಂದ. ಹೇಳಿದ ಮಾತು ನಿಜವಾಗಲಿ ಎಂದು ಕಾರ್ಡನ್ನು ಎರಡು ತುಂಡು ಮಾಡಿ ಸಮುದ್ರಕ್ಕೆ ಎಸೆದ. ಸುಮ್ಮನಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಮೈಮೇಲೆ ತಾನೇ ಇರುವೆ ಬಿಟ್ಟುಕೊಂಡ. ಯಾಂಗ್‌ಸಿಮ್ ಏನು ಬೈದು ಸುಮ್ಮನಾಗುವ ಹೆಂಗಸೇ? ಅನ್ನ ಸುತ್ತುತ್ತಿದ್ದ ಕೈಯಲ್ಲೇ ಕಾರ್ಡ್ ಕಂಪನಿಗೆ ಫೋನ್ ಮಾಡಿ, ಕಾರ್ಡ್ ನಿಲ್ಲಿಸಿ, ಕಳುವಿನ ದೂರು ಕೊಟ್ಟಳು.

ಸಂಜೆ ಅಣ್ಣ ಬಾಗಿಲಲ್ಲಿ ಇಣುಕಿ ತನ್ನ ಕೋಟನ್ನು ನನ್ನ ಕಡೆ ಎಸೆದು, ಬೇಗ ಒಗೆದುಕೊಡು ತಂಗಿ ಎಂದು ಅಂಗಿಯಲ್ಲೇ ಓಡಿದ. ಹುಳಿ ಬರಿಸಿದ ತೊರಕೆಯ ವಾಸನೆ ಗೊತ್ತಲ್ಲ, ಅದು ಮೂಗಿಗೆ ಹೋಗುವುದಿಲ್ಲ, ನೇರವಾಗಿ ತಲೆಗೆ ಹೋಗುತ್ತದೆ. ಕೋಟನ್ನು ಕೋಲಿನಲ್ಲಿ ಎತ್ತಿ ಹಿತ್ತಲಿಗೆ ಹಾಕಿದೆ. ಅಷ್ಟರಲ್ಲಿ ಪಕ್ಕದ ಮಾರ್ಟಿನಿಂದ ಯಾಂಗ್‌ಸಿಮಳ ದನಿ ಗೋಡೆಯನ್ನು ಸೀಳಿಕೊಂಡು ಬಂತು. ನಾನು ಹೋಗಿ ನೋಡದಿದ್ದರೆ ನನ್ನ ಹೆಸರು ಹಿಡಿದು ಕರೆಯಬೇಡಿ.

ಅವಳು ಗಲ್ಲಾದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಮಾರ್ಟಿನ ಯಜಮಾನ ಚೋನ್ ಟೊಮೆಟೊ ಜೋಡಿಸುವುದನ್ನು ಬಿಟ್ಟು ಬಂದಿದ್ದ.

"ನಮ್ಮೆಜಮಾನ್ರ ಕಾರ್ಡು ತಂದೋನು ಯಾರಕ್ಕ? ನಿನ್ ಕಣ್ ಮುಂದೇನೇ ಉಜ್ಜಿದಾನೆ."

"ಹೇಳಲ್ಲ" ಎಂದಳು ಸೂನ್‌ದೊಕ್.

"ಗೊತ್ತಿಲ್ವಾ?"

"ಗೊತ್ತಿದೆ. ಹೇಳಲ್ಲ. ಯಾರ ಬುಟ್ಟೀಲಿ ಏನಿತ್ತು ಅಂತ ನಾನ್ಯಾವತ್ತು ಹೇಳಿದೀನಿ?"

ಗೊತ್ತಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳು ಹೇಳಲು ಅವಳಿಗೆ ಬಾರದು, ನಿಜ ಹೇಳಲು ಮನಸ್ಸಿಲ್ಲ. ಯಾಂಗ್‌ಸಿಮ್ ಬೀದಿಗೆ ಬಂದು, ಕಳ್ಳನನ್ನು ಮುಚ್ಚಿಡುವವಳೂ ಕಳ್ಳಿಯೇ, ಯಾರಿಗೆ ಗೊತ್ತು, ಇವಳ ಕಡೆಯವನೇ ಇರಬೇಕು ಎಂದು ತಿರುವಿನ ತನಕ ಕೇಳುವ ಹಾಗೆ ಕೂಗಿದಳು. ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತು ಎನ್ನುತ್ತಾರಲ್ಲ, ಆ ಕೋತಿಯ ಕೋಟು ನನ್ನ ಹಿತ್ತಲಲ್ಲಿ ನಾರುತ್ತಿತ್ತು.

ನನಗೆ ರೇಗಿಹೋಯಿತು. ಆ ಕೋಟನ್ನು ಯಾಂಗ್‌ಸಿಮಳ ಅನ್ನದ ಪಾತ್ರೆಯ ಮೇಲೆ ಹೊದಿಸಿ ಬರುತ್ತೇನೆ ಎಂದು ಹೊರಟವಳನ್ನು ಸೂನ್‌ದೊಕ್ ತೋಳು ಹಿಡಿದು ನಿಲ್ಲಿಸಿದಳು. "ಊರಿಗೆಲ್ಲ ಇಸ್ತ್ರಿ ಹಾಕ್ತೀಯ, ನಿನ್ ಬಾಯಿಗೂ ಒಂದು ಹಾಕ್ಕೋ" ಎಂದಳು. ನೀನು ಬಾಯಿ ಬಿಟ್ಟರೆ ಇನ್ನು ನಿನ್ನ ಜೊತೆ ಊಟಕ್ಕೆ ಕೂರುವುದಿಲ್ಲ ಎಂದೂ ಸೇರಿಸಿದಳು. ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡು ನಾನು ಪಟ್ಟ ಪಾಡು ಹೆರಿಗೆಯಲ್ಲೂ ಪಟ್ಟಿಲ್ಲ.

ಮರುದಿನ ಬೆಳಿಗ್ಗೆ ಜೊಂಗ್‌ಪಾಲ್ ಅಣ್ಣ ಕುಂಟುತ್ತಾ ಬಂದ. ಹೆಬ್ಬೆರಳು ಮತ್ತೆ ಊದಿತ್ತು. ದೇವರು ಇದ್ದಾನೆ ಎಂದುಕೊಂಡೆ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ಗಲ್ಲಾದ ಮುಂದೆ ನಿಂತು, ಒಂದು ನಾಲ್ಕು ದಿನ ತಡೆದುಕೊ ತಂಗಿ, ಹೇಗಾದರೂ ಸರಿಮಾಡುತ್ತೇನೆ, ನೀನು ಯಾರೋ ಗುರುತಿಲ್ಲದವನು ಬಂದಿದ್ದ ಎಂದುಬಿಡು ಎಂದು ಬೇಡಿಕೊಂಡ.

"ನಿಮ್ಮ ಹೆಸರು ನನ್ ಬಾಯಿಂದ ಬರಲ್ಲ ಅಣ್ಣ. ಆದ್ರೆ ಸುಳ್ಳು ಹೇಳು ಅಂತ ಮಾತ್ರ ಕೇಳ್ಬೇಡಿ" ಎಂದಳು ಅವಳು. ಅಣ್ಣ ತಲೆ ತಗ್ಗಿಸಿ ಹೋದ. ಹೋಗುವಾಗ ಮೀನಿನ ಕಟ್ಟೆಯ ಕಡೆಗೆ ತಿರುಗಿಯೂ ನೋಡಲಿಲ್ಲ, ಅಷ್ಟು ಮಾತ್ರ ಹೇಳಬಹುದು.

ಚೋನ್ ಯಜಮಾನ ಕೆಟ್ಟವನಲ್ಲ, ಪುಕ್ಕಲ. ಸಹಿ ಸರಿಯಾಗಿ ನೋಡದೆ ಕದ್ದ ಕಾರ್ಡಿಗೆ ಸಾಮಾನು ಕೊಟ್ಟರೆ ನಷ್ಟ ಅಂಗಡಿಯವನ ತಲೆಗೆ ಬರುತ್ತದೆಂದು ಯಾರೋ ಅವನಿಗೆ ಹೇಳಿದ್ದರು. ಗಲ್ಲಾದ ಮೇಲೆ ಅವನು ಹಾಕಿಸಿದ್ದ ಕ್ಯಾಮೆರಾ ಹಣದ ಪೆಟ್ಟಿಗೆಯನ್ನು ಬಿಟ್ಟು ಬೇರೇನನ್ನೂ ನೋಡದು. ಬಂದವರ ಮುಖ ಅದರಲ್ಲಿ ಸಿಗದು. ಕಂಪನಿಯ ಮನುಷ್ಯ ವಿಚಾರಣೆಗೆ ಬರುತ್ತಾನೆ, ಅವನು ಅಂಗಡಿಯದೇ ತಪ್ಪು ಎಂದರೆ ನೀನು ಮನೆಗೆ ಹೋಗಬೇಕಾಗುತ್ತದೆ, ಗಿರಾಕಿಗಳೇ ಲೆಕ್ಕ ಮಾಡಿಕೊಳ್ಳುವ ಯಂತ್ರ ತರಿಸುತ್ತೇನೆ ಎಂದು ಸೂನ್‌ದೊಕಳಿಗೆ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ, ಮೂಲಂಗಿಯ ರಾಶಿಗೆ ಹೇಳಿದ.

ಕೆಲಸ ಹೋಗುವುದನ್ನು ಅವಳು ತಡೆದುಕೊಳ್ಳುತ್ತಿದ್ದಳೇನೋ. ಅವಳ ಗಂಡ ರಾತ್ರಿ ಕಾವಲಿನ ಕೆಲಸದವನು, ಮಾತೇ ಆಡದ ಪ್ರಾಣಿ. ಎರಡು ಹೊಟ್ಟೆ ಹೇಗೋ ನಡೆಯುತ್ತಿತ್ತು. ಅವಳನ್ನು ಕೊಂದದ್ದು ಬೇರೆ. ಆ ವಾರ ಬೀದಿಯ ಜನ ತಮ್ಮ ಸಹಿ ತಾವೇ ಹಾಕತೊಡಗಿದರು. ಯಾರೂ ಏನೂ ಅನ್ನಲಿಲ್ಲ. ಬರೀ ಕಡ್ಡಿಯನ್ನು ಕೈಗೆತ್ತಿಕೊಂಡರು. ಹಲ್ಲಿನ ಡಾಕ್ಟರು ಮೂರು ಸಲ ತಪ್ಪು ಬರೆದು ಬೆವರಿದರು. ಅಕ್ಕಿ ಗಿರಣಿಯ ಅಜ್ಜಿ ಕಡ್ಡಿಯನ್ನು ಚಾಕು ಹಿಡಿದ ಹಾಗೆ ಹಿಡಿದು ಹಲಗೆಯನ್ನೇ ಕೆರೆದಳು. ಸಾಲು ಬಾಗಿಲಿನ ಹೊರಗೆ ಬೆಳೆಯಿತು. ಸೂನ್‌ದೊಕ್ ಹೂವಿನ ತೋಳುಗವಸಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಎಲ್ಲರಿಗೂ ವಂದನೆ ಹೇಳುತ್ತಾ ಕೂತಿದ್ದಳು. ಅದನ್ನು ನೋಡಲಾಗಲಿಲ್ಲ ನನಗೆ. ನಾನು ಮಾತ್ರ ಬೇಡದ ಸಾಮಾನೆಲ್ಲ ತುಂಬಿಕೊಂಡು, ಎರಡು ಕೈಯಲ್ಲೂ ಚೀಲ ಹಿಡಿದು, ನೀನೇ ಹಾಕು ಎಂದೆ. ಅವಳು ಹೊಗೆಯಾಡುವ ಇಸ್ತ್ರಿ ಪೆಟ್ಟಿಗೆ ಬರೆದಳು.

ಶುಕ್ರವಾರ ಕಂಪನಿಯ ಮನುಷ್ಯ ಬಂದ. ಕಪ್ಪು ಸೂಟು, ಚೊಕ್ಕ ಬೈತಲೆ, ತೊಗಲಿನ ಚೀಲ. ಯಾಂಗ್‌ಸಿಮಳನ್ನೂ ಕರೆಸಿದ್ದರು. ನನ್ನನ್ನು ಯಾರೂ ಕರೆದಿರಲಿಲ್ಲ. ಹ್ಯಾಂಗರು ವಾಪಸು ಕೊಡುವ ನೆಪದಲ್ಲಿ ನಾನೇ ಹೋಗಿ ನಿಂತೆ. ಅವನು ಚೀಲದಿಂದ ಕಾಗದಗಳನ್ನು ತೆಗೆದು ಗಲ್ಲಾದ ಮೇಲೆ ಸಾಲಾಗಿ ಹರಡಿದ. ಒಂದೊಂದರ ಮೇಲೂ ಒಂದೊಂದು ತೊರಕೆ.

ಅವನ ಮುಖದಲ್ಲಿ ಹಿಗ್ಗು ತುಂಬಿತ್ತು. ಈ ಕಾರ್ಡಿನಿಂದ ಹಿಂದೆ ಅಕ್ಕಿ ಕೊಂಡಾಗ, ಎಣ್ಣೆ ಕೊಂಡಾಗ, ಎಲ್ಲ ಸಲವೂ ಇದೇ ಸಹಿ ಇದೆ ಎಂದು ಬೆರಳಿಟ್ಟು ತೋರಿಸಿದ. ಅದೇ ಅಗಲದ ರೆಕ್ಕೆ, ಅದೇ ಎಡಕ್ಕೆ ಬಾಗಿದ ಬಾಲ. ಕಳುವಾಯಿತು ಎಂದ ದಿನದ್ದೂ ಅದೇ, ಒಂದು ಕೂದಲಿನ ವ್ಯತ್ಯಾಸವೂ ಇಲ್ಲ.

"ನಾನು ಎಷ್ಟೋ ಸಹಿ ನೋಡಿದೀನಿ, ಇಷ್ಟು ತಾಳೆಯಾಗೋದು ನೋಡೇ ಇಲ್ಲ. ಇದು ಕಳುವಲ್ಲಮ್ಮ, ಕಾರ್ಡಿನ ಯಜಮಾನ್ರೇ ಖುದ್ದಾಗಿ ಹಾಕಿರೋ ಸಹಿ" ಎಂದ.

ಚೋನ್ ಯಜಮಾನನ ಬಾಯಿ ತೆರೆಯಿತು. ನಾನು ಹ್ಯಾಂಗರಿನ ಕೊಕ್ಕೆಯಿಂದ ಅವನ ಪಕ್ಕೆಗೆ ತಿವಿದೆ, ಮುಚ್ಚಿತು. ಅಲ್ಲಿಗೆ ಎಲ್ಲ ಒಳ್ಳೆಯದಾಗಿಯೇ ಮುಗಿಯುತ್ತಿತ್ತು. ಆದರೆ ನಮ್ಮ ಸತ್ಯವಂತೆ ಸುಮ್ಮನಿರಬೇಕಲ್ಲ.

"ಆ ಮೀನು ಬರ್ದಿದ್ದು ನಾನು ಸ್ವಾಮಿ. ಎಲ್ಲಾ ಮೀನೂ ನಾನೇ ಬರ್ದಿದ್ದು."

ಕಂಪನಿಯ ಮನುಷ್ಯ ಅವಳನ್ನು ನೋಡಿದ. ಮುಖದ ಹಿಗ್ಗು ಮೆಲ್ಲಗೆ ಇಳಿಯಿತು. ಕಾಗದ ನೋಡಿದ, ಹಲಗೆಗೆ ದಾರದಲ್ಲಿ ಕಟ್ಟಿದ್ದ ಕಡ್ಡಿ ನೋಡಿದ, ಆ ಹೊತ್ತಿಗೆ ಚೀಲ ಹಿಡಿದು ಸಾಲಾಗಿ ನಿಂತಿದ್ದ ಜನರನ್ನು ನೋಡಿದ. ಇದನ್ನು ಬರೆದುಕೊಂಡರೆ ಇಡೀ ಬೀದಿಯ ಇಡೀ ವರ್ಷದ ಸಹಿಗಳನ್ನು ತೆಗೆದು ಕೂರಬೇಕು ಎನ್ನುವುದು ಅವನ ತಲೆಗೆ ಹೋದದ್ದು ನಮಗೆಲ್ಲ ಕಾಣಿಸಿತು. ಕಾಗದಗಳನ್ನು ಒಟ್ಟುಮಾಡಿ ಚೀಲಕ್ಕೆ ತುರುಕಿದ.

"ಅಮ್ಮಾ, ನೀವು ಏನೋ ಹೇಳಿದ್ರಿ, ನನಗೆ ಕೇಳಿಸ್ಲಿಲ್ಲ. ಸಹಿ ತಾಳೆಯಾಗಿದೆ, ದೂರು ವಜಾ" ಎಂದು ಬಗ್ಗಿ ನಮಸ್ಕರಿಸಿ ಹೊರಟ. ಬಾಗಿಲ ಹತ್ತಿರ ನಿಂತು ಒಂದು ಕಿತ್ತಳೆ ರಸದ ಸೀಸೆ ಕೊಂಡು, ಎಣಿಸಿ ಚಿಲ್ಲರೆ ಕೊಟ್ಟ. ಕಾರ್ಡ್ ತೆಗೆಯಲಿಲ್ಲ.

ಯಾಂಗ್‌ಸಿಮ್ ದಡ್ಡಿಯಲ್ಲ. ಗಂಡನಿಗೆ ಒಂದು ಬಾಳೆಹಣ್ಣು ಬರೆಯಲೂ ಬಾರದೆಂದು ಅವಳಿಗೆ ಗೊತ್ತು. ಮೀನು ಸೂನ್‌ದೊಕಳ ಕೈಯದೇ. ಆದರೆ ಸೂನ್‌ದೊಕ್ ಯಾರಿಗೆ ಯಾವ ಚಿತ್ರ ಬರೆಯುತ್ತಾಳೋ ಅದು ಕಾರ್ಡ್ ನೋಡಿ ಅಲ್ಲ, ಎದುರಿಗೆ ನಿಂತ ಮುಖ ನೋಡಿ. ಅದೂ ಬೀದಿಗೆಲ್ಲ ಗೊತ್ತು. ಯಾಂಗ್‌ಸಿಮ್ ನಿಂತಲ್ಲೇ ಕೆಂಪಗಾದಳು, ಆಮೇಲೆ ಬೆಳ್ಳಗಾದಳು. ಮೊನ್ನೆ ಊದಿದ ಹೆಬ್ಬೆರಳು, ಮನೆಗೆ ಬಾರದ ಕೋಟು, ಎಲ್ಲ ಒಂದೊಂದಾಗಿ ಅವಳ ಕಣ್ಣ ಮುಂದೆ ಹೋಗುತ್ತಿರಬೇಕು. ಎಲ್ಲಿ ಗಂಡನ ಕೊರಳಪಟ್ಟಿ ಹಿಡಿಯಲು ಓಡುತ್ತಾಳೋ ಎಂದು ನಾನು ದಾರಿ ಬಿಟ್ಟು ನಿಂತೆ. ಅವಳು ಗಲ್ಲಾದ ಕಡೆ ತಿರುಗಿದಳು.

"ಒಂದ್ ಮಾತು ಹೇಳಬಾರ್ದಿತ್ತಾ ಅಕ್ಕ? ಬೀದಿ ತುಂಬಾ ನಿನ್ನ ಕಳ್ಳಿ ಅಂದೆ ನಾನು. ಕೆಲ್ಸ ಹೋಗೋದ್ರಲ್ಲಿತ್ತು. ಅವ್ರ ಮೀನಿನ ಗುಟ್ಟು ನಿನ್ ಮಾನಕ್ಕಿಂತ ಹೆಚ್ಚಾ?" ಬೈಯುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯದು.

ಸೂನ್‌ದೊಕ್ ಬಟ್ಟೆಯ ತುಂಡಿನಿಂದ ಹಲಗೆಯನ್ನು ಒರೆಸಿದಳು. ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ದಿನದ್ದೇ.

"ಅವ್ರ ಬುಟ್ಟೀನ ನಿಂಗೆ ತೋರಿಸಿದ್ರೆ, ನಾಳೆ ಅವ್ರು ಬಂದು ನಿನ್ ಬುಟ್ಟಿ ತೋರ್ಸು ಅಂತಾರಲ್ಲೇ. ಆಗ ಏನ್ ಮಾಡ್ಲಿ?"

ಯಾಂಗ್‌ಸಿಮಳ ಕೈ ತಾನಾಗಿ ಹೋಗಿ ತನ್ನ ಚೀಲದ ಬಾಯನ್ನು ಹಿಡಿದುಕೊಂಡಿತು. ಚೋನ್ ಯಜಮಾನ ಕೆಮ್ಮಿದ, ಯಂತ್ರದ ಕಂಪನಿಯವರಿಗೆ ಬೇಡವೆಂದು ಈಗಲೇ ಫೋನ್ ಮಾಡಬೇಕು ಎನ್ನುತ್ತಾ ಗೋದಾಮಿಗೆ ನುಸುಳಿದ. ಸಾಲಿನಲ್ಲಿದ್ದ ಹೆಡ್‌ಮಾಸ್ತರರು ಚಾವಣಿ ನೋಡಿದರು, ಪಾದ್ರಿ ನೆಲ ನೋಡಿದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಇಡೀ ಸಾಲು ಹೆಗಲು ಮುಟ್ಟಿಕೊಂಡಿತು.

ಯಾಂಗ್‌ಸಿಮ್ ಬಾಗಿಲಿಗೆ ಹೋಗಿ, ಕಳ್ಳಿ ಎಂದು ಕೂಗಿದ ಜಾಗದಲ್ಲೇ ನಿಂತು, ಅದೇ ಗಂಟಲಿನಲ್ಲಿ, ತಪ್ಪು ನನ್ನದು, ಸೂನ್‌ದೊಕ್ ಅಕ್ಕ ಚಿನ್ನದಂಥವಳು, ಇನ್ನು ಅವಳ ಬಗ್ಗೆ ಯಾರಾದರೂ ಸೊಲ್ಲೆತ್ತಿದರೆ ನನ್ನ ಅಂಗಡಿಯ ಅನ್ನ ಸಿಗದು ಎಂದು ಬೀದಿಗೆಲ್ಲ ಸಾರಿದಳು. ಆಮೇಲೆ ಒಳಗೆ ಬಂದು ಗಲ್ಲಾದ ಮೇಲೆ ಬಗ್ಗಿ, ಸೂನ್‌ದೊಕಳ ಕಿವಿಯ ಹತ್ತಿರ ತುಂಬ ಸಣ್ಣ ದನಿಯಲ್ಲಿ ಏನೋ ಕೇಳಿದಳು. ಸೂನ್‌ದೊಕ್ ತಲೆಯಾಡಿಸಿ, ಯಾರಿಗೂ ಗೊತ್ತಿಲ್ಲ ಎಂದಳು. ಯಾಂಗ್‌ಸಿಮ್ ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು.

ಆ ರಾತ್ರಿ ಜೊಂಗ್‌ಪಾಲ್ ಅಣ್ಣನಿಗೆ ಬೈಗುಳ ಬಿದ್ದವು, ಬೀಳದೆ ಇರುತ್ತವೆಯೇ. ಆದರೆ ತಿರುವಿನ ತನಕ ಕೇಳಿಸಲಿಲ್ಲ. ಬೀದಿಯ ಜನ ಮತ್ತೆ ಚೀಲ ಎತ್ತಿಕೊಂಡು ನೀನೇ ಹಾಕಕ್ಕ ಎನ್ನುತ್ತಿದ್ದಾರೆ.

ಯಾಂಗ್‌ಸಿಮ್ ಗುಟ್ಟಾಗಿ ಕೊಳ್ಳುವುದಾದರೂ ಏನು? ಇದು ನನ್ನ ಹೊಟ್ಟೆಯಲ್ಲಿ ಕೂತ ಪ್ರಶ್ನೆ. ಗೋಡೆಗೆ ಕಿವಿ ಇಟ್ಟು ಪೀಂ ಎಣಿಸಿದರೆ ಪ್ರಯೋಜನವಿಲ್ಲ, ಯಂತ್ರ ಎಲ್ಲದಕ್ಕೂ ಒಂದೇ ದನಿಯಲ್ಲಿ ಕೂಗುತ್ತದೆ. ಊಟದ ಹೊತ್ತಿನಲ್ಲಿ ಸೂನ್‌ದೊಕಳನ್ನು ಗೋಗರೆದೆ, ಹೆದರಿಸಿದೆ, ನನ್ನ ಪಾಲಿನ ಹುರಿದ ಮೀನನ್ನೂ ಅವಳ ಅನ್ನದ ಮೇಲಿಟ್ಟೆ. ಅವಳು ಮೀನು ತಿಂದಳು. ತಿಂದು, ನನ್ನನ್ನೇ ನೋಡಿದಳು. ಆಗ ನನಗೆ, ಹೋದ ತಿಂಗಳು ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನಾನು ಕೊಂಡು ತಂದ ಒಂದು ಸಾಮಾನು ನೆನಪಾಯಿತು. ಆ ಮಾತನ್ನು ಅಲ್ಲಿಗೇ ಬಿಟ್ಟೆ.